ಹಳೆಯ ಮೈ, ಹೊಸ ಉಸಿರು
ಮಲೆನಾಡಿನ ಮನೆಗಳ ಅಂಬಾಸಡರ್ ಕಾರಿಗೆ ಹೆಚ್ಚಿನ ಶಕ್ತಿ ತುಂಬುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳು ಸಹ್ಯಾದ್ರಿಯ ನೆತ್ತಿಯ ಮೇಲಿನ ಸೀಮೆ. ಇಲ್ಲಿಂದ ಕರಾವಳಿಗೆ ಇಳಿಯಬೇಕಾದರೆ ಘಟ್ಟವನ್ನು ಹಾಯದೆ ಗತ್ಯಂತರವಿಲ್ಲ. ಶಿರಸಿಯವರಿಗೆ ದೇವಿಮನೆ ಘಟ್ಟ, ಯಲ್ಲಾಪುರದವರಿಗೆ ಅರಬೈಲು ಘಟ್ಟ, ಸಿದ್ದಾಪುರದವರಿಗೆ ದೊಡ್ಮನೆ ಘಟ್ಟ. ವರ್ಷದಲ್ಲಿ ನಾಲ್ಕು ತಿಂಗಳು ಎಡೆಬಿಡದ ಮಳೆ. ಬೇಸಗೆ ಬಂತೆಂದರೆ ಕೆಮ್ಮಣ್ಣಿನ ಧೂಳು. ಇಂಥ ನಾಡಿನಲ್ಲಿ ವಾಹನವೆಂಬುದು ವೈಭವದ ವಸ್ತುವಾಗಿ ಬಂದುದಲ್ಲ. ದಿನ ತುಂಬಿದ ಗರ್ಭಿಣಿಯನ್ನು ಆಸ್ಪತ್ರೆಗೆ ಒಯ್ಯಲು, ಅಡಿಕೆಯ ಮೂಟೆಯನ್ನು ಪೇಟೆಗೆ ಸಾಗಿಸಲು, ಮದುವೆಯ ದಿಬ್ಬಣ ಹೊರಡಿಸಲು ಅದು ಬೇಕಾಯಿತು. ಆದಕಾರಣ ಗಟ್ಟಿಮುಟ್ಟಾದ ಎರಡು ವಾಹನಗಳು ಇಲ್ಲಿಯ ಮನೆಗಳಲ್ಲಿ ನೆಲೆನಿಂತವು. ಒಂದು ಜೀಪು, ಇನ್ನೊಂದು ಅಂಬಾಸಡರ್ ಕಾರು.

ಅಂಬಾಸಡರ್ ಕಾರಿನ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಆದರೂ ಎಷ್ಟೋ ಮನೆಗಳ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಅದು ಇನ್ನೂ ನಿಂತಿದೆ. ಹಿರಿಯರು ಕೊಂಡು ತಂದ ಕಾರು. ಮಾರಲು ಮನಸ್ಸು ಬಾರದು. ಹೊರಗೆ ತೆಗೆದರೆ ಘಟ್ಟದ ಏರಿನಲ್ಲಿ ಏದುಸಿರು ಬಿಡುತ್ತದೆ. ಓಡಿಸಲು ಧೈರ್ಯ ಸಾಲದು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಹಬ್ಬಕ್ಕೆ ಬಂದಾಗ, 'ಹೊರಗಿನ ರೂಪ ಹೀಗೇ ಇರಲಿ, ಒಳಗಿನ ಇಂಜಿನ್ ಮಾತ್ರ ಬಲವಾದದ್ದು ಹಾಕಿಸೋಣ' ಎನ್ನುತ್ತಾನೆ. ತಂದೆಗೆ ಅದು ಸರಿಯೋ ತಪ್ಪೋ ತಿಳಿಯದು. ಈ ಪ್ರಶ್ನೆ ಒಂದೆರಡು ಮನೆಗಳದ್ದಲ್ಲವಾದ್ದರಿಂದ ಇದನ್ನು ಸಾವಧಾನವಾಗಿ ವಿಚಾರಿಸುವುದು ಯುಕ್ತ.

ಹೊರದೇಶದ ರೂಢಿ, ನಮ್ಮ ನಾಡಿನ ಕಾಂಟೆಸ್ಸಾ

ಹಳೆಯ ಕಾರಿನ ರೂಪವನ್ನು ಕೆಡಿಸದೆ ಶಕ್ತಿಯನ್ನು ಹೆಚ್ಚಿಸುವ ವಿದ್ಯೆ ಅಮೆರಿಕದಲ್ಲಿ ಬಹುವಾಗಿ ಬೆಳೆದಿದೆ. 1964ರಲ್ಲಿ ಅಲ್ಲಿಯ ಪಾಂಟಿಯಾಕ್ ಕಂಪನಿ ಜಿ.ಟಿ.ಒ. ಎಂಬ ಕಾರನ್ನು ಹೊರತಂದಿತು. ಮಧ್ಯಮ ಗಾತ್ರದ ಕಾರಿನಲ್ಲಿ ದೊಡ್ಡ ಕಾರಿನ 6.4 ಲೀಟರಿನ ಇಂಜಿನನ್ನು ಕೂರಿಸಿದುದೇ ಅದರ ವಿಶೇಷ. ಅಂಥ ಕಾರುಗಳಿಗೆ ಮುಂದೆ 'ಮಸಲ್ ಕಾರು' ಎಂಬ ಹೆಸರು ಬಂತು; ಜಟ್ಟಿಯ ತೋಳಿನ ಕಾರು ಎಂದು ನಾವು ಹೇಳಬಹುದು. ಇಂದು ಅವುಗಳ ಒಡೆಯರಲ್ಲಿ ಎರಡು ಪಂಥಗಳಿವೆ. ಒಂದು ಪಂಥ ಇಂಜಿನ್ ಮೇಲೆ ಕೊರೆದ ಸಂಖ್ಯೆ ಮೊದಲಿನದೇ ಇರಬೇಕೆನ್ನುತ್ತದೆ. ಇನ್ನೊಂದು, ಬಾನೆಟ್ ಎತ್ತಿದರೂ ಹಳೆಯದರಂತೆಯೇ ಕಾಣಲಿ, ಆದರೆ ಒಳಗಿನ ಭಾಗಗಳೆಲ್ಲ ಇಂದಿನವಾಗಿರಲಿ ಎನ್ನುತ್ತದೆ.

ನಮ್ಮ ದೇಶದಲ್ಲಿ ಆ ಜಾತಿಗೆ ಸಮೀಪದ್ದು ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆ 1984ರಲ್ಲಿ ಹೊರತಂದ ಕಾಂಟೆಸ್ಸಾ. ಉದ್ದ ಮೂತಿ, ಅಗಲ ಭುಜ, ನೋಡಲು ಗಂಭೀರ. ಆದರೆ ಆ ದೊಡ್ಡ ಮೈಯೊಳಗೆ ಮೊದಲು ಇಟ್ಟದ್ದು ಅಂಬಾಸಡರ್ ಕಾರಿನ ಬಡ 1489 ಸಿ.ಸಿ. ಇಂಜಿನನ್ನೇ. ಆನೆಯ ಮೈಗೆ ಆಡಿನ ಉಸಿರು ಎಂಬಂತಾಗಿತ್ತು. ಕೆಲವೇ ವರ್ಷಗಳಲ್ಲಿ ಜಪಾನಿನ ಇಸುಜು ಕಂಪನಿಯ 1817 ಸಿ.ಸಿ. ಇಂಜಿನನ್ನು ಅದೇ ಮೈಯೊಳಗೆ ಕೂರಿಸಿದಾಗಲೇ ಆ ಕಾರು ತನ್ನ ರೂಪಕ್ಕೆ ತಕ್ಕ ನಡಿಗೆಯನ್ನು ಪಡೆಯಿತು. 2002ರಲ್ಲಿ ಅದರ ತಯಾರಿಕೆ ನಿಂತಿತು. ರೂಪವನ್ನು ಉಳಿಸಿಕೊಂಡು ಹೃದಯವನ್ನು ಬದಲಿಸುವ ಕೆಲಸವನ್ನು ಕಾರ್ಖಾನೆಯೇ ಮಾಡಿ ತೋರಿಸಿದ ನಿದರ್ಶನವಿದು.

ಕಾರ್ಖಾನೆಯೇ ಹಾಕಿಕೊಟ್ಟ ದಾರಿ

ಅಂಬಾಸಡರ್ ಕಾರಿನ ಚರಿತ್ರೆಯೂ ಹಾಗೆಯೇ ಇದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯ ಅಚ್ಚಿನಿಂದ ಮೂಡಿದ ಈ ಕಾರು ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ ತಯಾರಾಗತೊಡಗಿತು. ಐವತ್ತಕ್ಕೂ ಹೆಚ್ಚು ವರ್ಷ ಅದರ ಗುಂಡು ಬೆನ್ನು, ಉಬ್ಬಿದ ಬಾನೆಟ್, ಅಗಲ ಬಾಗಿಲು ಬದಲಾಗಲಿಲ್ಲ. ಗ್ರಿಲ್ ಅಷ್ಟಿಷ್ಟು ಬದಲಾಯಿತು, ದೀಪಗಳು ಬದಲಾದವು, ಅಷ್ಟೆ. ಒಳಗಿನ ಇಂಜಿನ್ ಮಾತ್ರ ಹಲವು ಸಲ ಬದಲಾಯಿತು. ಮೊದಲು ಪಕ್ಕದಲ್ಲಿ ವಾಲ್ವ್ ಇದ್ದ ಹಳೆಯ ಇಂಜಿನ್. ಬೇಗನೆ ಅದರ ಸ್ಥಾನದಲ್ಲಿ ತಲೆಯ ಮೇಲೆ ವಾಲ್ವ್ ಇರುವ 1489 ಸಿ.ಸಿ.ಯ ಬಿ.ಎಂ.ಸಿ. ಪೆಟ್ರೋಲ್ ಇಂಜಿನ್; ತರುವಾಯ ಅದೇ ಅಳತೆಯ ಡೀಸೆಲ್ ಇಂಜಿನ್; 1990ರ ದಶಕದ ಆರಂಭದಲ್ಲಿ ಇಸುಜು 1817 ಸಿ.ಸಿ. ಪೆಟ್ರೋಲ್ ಇಂಜಿನ್, ಮುಂದೆ ಇಸುಜು ಸಂಸ್ಥೆಯ 1995 ಸಿ.ಸಿ. ಡೀಸೆಲ್ ಇಂಜಿನ್.

ಜೀಪಿನ ಕಥೆ ಇದಕ್ಕಿಂತ ಸ್ವಾರಸ್ಯ. ವಿಲ್ಲಿಸ್ ಕಂಪನಿ 1953ರಲ್ಲಿ ತಂದ ಸಿ.ಜೆ.-3ಬಿ ಜೀಪಿನ ಬಾನೆಟ್ ಹಿಂದಿನದಕ್ಕಿಂತ ಎತ್ತರವಾಗಿತ್ತು. ಹೊಸ ಇಂಜಿನ್ ಎತ್ತರವಾದ್ದರಿಂದ ಬಾನೆಟನ್ನು ಎತ್ತರಿಸದೆ ಉಪಾಯವಿರಲಿಲ್ಲ. ಅದೇ ಎತ್ತರದ ಮೂತಿಯೇ ಮಹೀಂದ್ರಾ ಜೀಪಿನ ಮೂಲಕ ನಮ್ಮ ಮಲೆನಾಡಿನ ಕಣ್ಣಿಗೆ ಜೀಪಿನ ರೂಪವಾಗಿ ನಿಂತಿತು. ಪೆಟ್ರೋಲ್ ತುಟ್ಟಿಯಾದಾಗ ಅನೇಕರು ಅದರೊಳಗೆ ಡೀಸೆಲ್ ಇಂಜಿನ್ ಕೂರಿಸಿದರು. ಮಹೀಂದ್ರಾ ಕಾರ್ಖಾನೆಯೂ ಫ್ರಾನ್ಸಿನ ಪ್ಯೂಜೊ ಕಂಪನಿಯ 2112 ಸಿ.ಸಿ. ಡೀಸೆಲ್ ಇಂಜಿನನ್ನು ತನ್ನ ಜೀಪುಗಳಲ್ಲಿ ಬಳಸಿತು. ಆದುದರಿಂದ ಹಳೆಯ ಮೈಗೆ ಹೊಸ ಉಸಿರು ತುಂಬುವುದು ನಮ್ಮವರಿಗೆ ಅಪರಿಚಿತವಾದ ಕೆಲಸವಲ್ಲ. ಯಾವ ಕಾರಿಗೆ ಯಾವ ಮಟ್ಟದ ಬದಲಾವಣೆ ತಕ್ಕದ್ದು ಎಂಬ ವಿವೇಕವೇ ಇಲ್ಲಿ ಮುಖ್ಯ.

ಮೊದಲ ದಾರಿ: ಇದ್ದ ಇಂಜಿನಿಗೇ ಆರೈಕೆ

1489 ಸಿ.ಸಿ. ಇಂಜಿನ್ನಿನ ಸಿಲಿಂಡರಿನ ಅಗಲ 73 ಮಿಲಿಮೀಟರ್, ಪಿಸ್ಟನ್ ಏರಿಳಿಯುವ ದೂರ 88.9 ಮಿಲಿಮೀಟರ್. ಅಗಲ ಕಡಿಮೆ, ಓಟ ಉದ್ದ. ಇಂಥ ಇಂಜಿನ್ ಮೆಲ್ಲಗೆ ತಿರುಗುವಾಗ ಚೆನ್ನಾಗಿ ಎಳೆಯುತ್ತದೆ; ಹೆಚ್ಚು ವೇಗಕ್ಕೆ ಒಗ್ಗದು. ಹೊಸದಿದ್ದಾಗಲೇ ಅದರ ಶಕ್ತಿ ಸುಮಾರು 50 ಅಶ್ವಶಕ್ತಿ. ರಿಂಗು ಸವೆದು, ವಾಲ್ವ್ ಸೋರಿ, ಅದರಲ್ಲಿಯೂ ಒಂದು ಪಾಲು ಕಳೆದುಹೋಗಿರುವುದೇ ಹೆಚ್ಚು. ಅನೇಕರು 'ಇಂಜಿನ್ನಿಗೆ ಬಲವಿಲ್ಲ' ಎಂದು ದೂರುವುದು ವಾಸ್ತವದಲ್ಲಿ ಈ ಸವಕಳಿಯನ್ನು. ಹೊಸ ಇಂಜಿನ್ನಿನ ಮಾತೆತ್ತುವ ಮೊದಲು ನಾಲ್ಕೂ ಸಿಲಿಂಡರುಗಳ ಕಂಪ್ರೆಶನ್ ಒತ್ತಡವನ್ನು ಗೇಜು ಹಾಕಿ ನೋಡಿಸಬೇಕು.

ಸವೆದ ಸಿಲಿಂಡರನ್ನು ಲೇತ್ ಕಾರ್ಖಾನೆಯಲ್ಲಿ ಕೊರೆಯಿಸಿ, ದೊಡ್ಡ ಅಳತೆಯ ಪಿಸ್ಟನ್ ಹಾಕುವುದಕ್ಕೆ ಬೋರಿಂಗ್ ಎನ್ನುತ್ತಾರೆ. ಬೋರಿಂಗಿನಿಂದ ಇಂಜಿನ್ ಬಹಳ ದೊಡ್ಡದಾಗುತ್ತದೆಂಬ ಭ್ರಮೆ ಕೆಲವರಲ್ಲಿದೆ. ಲೆಕ್ಕ ಹಾಕಿ ನೋಡೋಣ. ಒಂದು ಇಂಚಿನ ಸಾವಿರದ 40 ಭಾಗದಷ್ಟು, ಅಂದರೆ ಸುಮಾರು 1 ಮಿಲಿಮೀಟರ್ ಕೊರೆದರೂ 1489 ಸಿ.ಸಿ. ಎಂಬುದು 1531 ಸಿ.ಸಿ. ಆಗುತ್ತದೆ. ನೂರಕ್ಕೆ ಮೂರರಷ್ಟು ಹೆಚ್ಚಳ, ಅಷ್ಟೆ. ಬೋರಿಂಗಿನ ಲಾಭ ಗಾತ್ರದಲ್ಲಿಲ್ಲ. ಸೋರಿಹೋಗುತ್ತಿದ್ದ ಒತ್ತಡ ಮರಳಿ ನಿಲ್ಲುವುದರಲ್ಲಿದೆ.

ಎರಡನೆಯದು ವಾಲ್ವ್ ಕೂರುವ ಪೀಠದ ವಿಚಾರ. ಇದನ್ನು ಗ್ಯಾರೇಜುಗಳಲ್ಲಿಯೂ ಎಲ್ಲರೂ ಗಮನಿಸುವುದಿಲ್ಲ. ಹಿಂದಿನ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಆ ಸೀಸದ ತೆಳುವಾದ ಲೇಪ ವಾಲ್ವಿಗೂ ಪೀಠಕ್ಕೂ ನಡುವೆ ಮೆತ್ತೆಯಂತೆ ಕೆಲಸ ಮಾಡುತ್ತಿತ್ತು. ಜನರ ಆರೋಗ್ಯಕ್ಕೆ ಹಾನಿಯೆಂದು 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಅದು ಒಳ್ಳೆಯದೇ ಆಯಿತು. ಆದರೆ ಬೀಡುಕಬ್ಬಿಣದಲ್ಲಿ ನೇರವಾಗಿ ಕಡೆದ ಹಳೆಯ ಪೀಠಗಳು ಆ ಮೆತ್ತೆಯಿಲ್ಲದೆ ಸವೆಯತೊಡಗುತ್ತವೆ. ಟ್ಯಾಪೆಟ್ ಸಂದು ಪದೇ ಪದೇ ತಾನಾಗಿ ಕಿರಿದಾಗುತ್ತಿದ್ದರೆ ವಾಲ್ವ್ ಒಳಕ್ಕೆ ಇಳಿಯುತ್ತಿದೆಯೆಂದು ತಿಳಿಯಬೇಕು. ಹೆಡ್ ಬಿಚ್ಚಿದಾಗಲೇ ಗಟ್ಟಿ ಉಕ್ಕಿನ ಪೀಠದ ಬಳೆಗಳನ್ನು ಕೂರಿಸಿದರೆ ಈ ರೋಗಕ್ಕೆ ಶಾಶ್ವತ ಪರಿಹಾರ. ಹೊರಗಿನಿಂದ ನೋಡುವವರಿಗೆ ಇದರ ಸುಳಿವೂ ಸಿಗದು.

ಮೂರನೆಯದು ಕಿಡಿ ಹಾರಿಸುವ ವ್ಯವಸ್ಥೆ. ಮಳೆಗಾಲದ ಬೆಳಗಿನಲ್ಲಿ ಹಳೆಯ ಕಾರು ಚಾಲೂ ಆಗದೆ ಮನೆಮಂದಿಯೆಲ್ಲ ತಳ್ಳುವ ದೃಶ್ಯ ನಮ್ಮಲ್ಲಿ ಯಾರಿಗೆ ತಿಳಿಯದು? ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳಿಗೆ ತೇವ ತಾಗುವುದು, ಅವು ಸುಟ್ಟು ಗುಳಿ ಬೀಳುವುದು ಇದಕ್ಕೆ ಸಾಮಾನ್ಯ ಕಾರಣ. ಪಾಯಿಂಟ್ ಮತ್ತು ಕಂಡೆನ್ಸರುಗಳ ಬದಲು ಅದೇ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ಅಡಗುವಂಥ ಎಲೆಕ್ಟ್ರಾನಿಕ್ ಜೋಡಣೆಗಳಿವೆ. ಮುಚ್ಚಳ ಹಾಕಿದರೆ ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸವೇ ಕಾಣದು. ಡೈನಮೋ ಇರುವ ಹಳೆಯ ಕಾರಿಗೆ ಆಲ್ಟರ್ನೇಟರ್ ಹಾಕಿಸಿದರೆ, ಮಳೆಯಲ್ಲಿ ದೀಪ, ವೈಪರ್ ಎರಡೂ ಹಾಕಿಕೊಂಡು ನಿಧಾನವಾಗಿ ಹೋಗುವಾಗಲೂ ಬ್ಯಾಟರಿ ಸೋಲುವುದಿಲ್ಲ.

ನಾಲ್ಕನೆಯದು ತಂಪು. ಸಂಸಾರ ಸಮೇತ ಅರಬೈಲು ಘಟ್ಟವನ್ನು ಎರಡನೆಯ ಗೇರಿನಲ್ಲಿ ಹತ್ತುವಾಗ ಗಾಳಿಯ ಬೀಸು ಕಡಿಮೆ, ಇಂಜಿನ್ನಿನ ದುಡಿಮೆ ಹೆಚ್ಚು. ರೇಡಿಯೇಟರಿನ ಮುಚ್ಚಳ ಬರಿಯ ಮುಚ್ಚಳವಲ್ಲ. 7 ಪೌಂಡ್ ಒತ್ತಡವನ್ನು ಅದು ಹಿಡಿದಿಟ್ಟರೆ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 110 ಡಿಗ್ರಿಯವರೆಗೆ ತಡೆಯುತ್ತದೆ. ಅದರ ರಬ್ಬರು ಹರಿದಿದ್ದರೆ ಆ ರಕ್ಷಣೆ ಹೋಯಿತು. ಕಾರು ಕಾಯುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವ ಪರಿಪಾಠ ನಮ್ಮಲ್ಲಿದೆ, ಇದು ಸಲ್ಲದು. ಇಂಜಿನ್ ತಕ್ಕ ಬಿಸಿಗೆ ಬಾರದಿದ್ದರೆ ಬೇಗ ಸವೆಯುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಒಳಗಿನ ಕೊಳವೆಗಳಲ್ಲಿ ಕಟ್ಟಿದ ಪಾಚು ತೆಗೆಸುವುದು, ರೇಡಿಯೇಟರಿನ ತಿರುಳನ್ನು ಹೊಸದಾಗಿ ಕಟ್ಟಿಸುವುದು, ಗ್ರಿಲ್ಲಿನ ಹಿಂದೆ ಕಾಣದಂತೆ ಒಂದು ವಿದ್ಯುತ್ ಫ್ಯಾನ್ ಇಡಿಸುವುದು ಸರಿಯಾದ ಮಾರ್ಗ.

ಐದನೆಯದು ಇಂದಿನ ಪೆಟ್ರೋಲ್. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಪ್ರಧಾನಮಂತ್ರಿಗಳು ಬಿಡುಗಡೆ ಮಾಡಿದರು. ಈಗ ಬಂಕುಗಳಲ್ಲಿ ಸಿಗುವುದು ಸಾಮಾನ್ಯವಾಗಿ ಅದೇ. ಎಥೆನಾಲ್ ಹಳೆಯ ರಬ್ಬರು ಕೊಳವೆಯನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲವಿಡೀ ಮಾಡಿನಲ್ಲಿ ನಿಂತ ಕಾರಿನ ಟ್ಯಾಂಕಿನಲ್ಲಿ ಹೀಗೆ ಹೀರಿದ ನೀರು ತಳಕ್ಕಿಳಿದು ತುಕ್ಕು ಹಿಡಿಸುತ್ತದೆ. ಕೊಳವೆ, ಪಂಪಿನ ಪದರ, ಕಾರ್ಬ್ಯುರೇಟರಿನ ವಾಷರುಗಳನ್ನು ಎಥೆನಾಲ್ ತಾಳುವಂಥವುಗಳಿಗೆ ಬದಲಿಸಬೇಕು. ಎಥೆನಾಲಿನಲ್ಲಿ ಆಮ್ಲಜನಕ ಸೇರಿರುವುದರಿಂದ ಹಳೆಯ ಜೆಟ್ಟಿನ ಅಳತೆಗೆ ಮಿಶ್ರಣ ತೆಳುವಾಗುತ್ತದೆ. ತುಸು ದೊಡ್ಡ ಜೆಟ್ ಹಾಕಿಸಿದರೆ ಇಂಜಿನ್ ಕಾಯುವುದು ತಪ್ಪುತ್ತದೆ. ಜೂನ್ ತಿಂಗಳಿಗೆ ಮುನ್ನ ಟ್ಯಾಂಕನ್ನು ಖಾಲಿ ಮಾಡಿ ಒಣಗಿಸಿಡುವುದು ನಮ್ಮ ಸೀಮೆಗೆ ಹೇಳಿಸಿದ ಕ್ರಮ.

ಈ ಐದೂ ಕೆಲಸಗಳು ಮುಗಿದ ಮೇಲೆ ಅದೇ ಇಂಜಿನ್, ಅದೇ ಸಂಖ್ಯೆ, ಅದೇ ರೂಪ. ಕಾಗದಪತ್ರದಲ್ಲಿ ಒಂದಕ್ಷರವೂ ಬದಲಾಗದು. ಹಬ್ಬಹರಿದಿನಕ್ಕೆ, ನೆಂಟರ ಮನೆಗೆ ಹೋಗಿಬರಲು ಹೆಚ್ಚಿನ ಮನೆಗಳಿಗೆ ಇಷ್ಟೇ ಸಾಕು.

ಎರಡನೆಯ ದಾರಿ: ಒಂದೇ ಮನೆತನದ ದೊಡ್ಡ ಇಂಜಿನ್

ಇದು ಸಾಲದು, ಹುಬ್ಬಳ್ಳಿ, ಬೆಂಗಳೂರುಗಳಿಗೆ ಆಗಾಗ ಹೋಗಬೇಕು ಎನ್ನುವವರು ಅಂಬಾಸಡರ್ ಕಾರಿಗೆ ಕಾರ್ಖಾನೆಯೇ ಮುಂದೆ ಒಪ್ಪಿದ ಇಸುಜು 1817 ಸಿ.ಸಿ. ಪೆಟ್ರೋಲ್ ಇಂಜಿನನ್ನು ಆಲೋಚಿಸಬಹುದು. ಅದರ ಸಿಲಿಂಡರಿನ ಅಗಲ 84, ಓಟ 82 ಮಿಲಿಮೀಟರ್. ಹಳೆಯದು ನೀಳ ಕೊಳಗದಂತಿದ್ದರೆ ಇದು ಅಗಲ ಬೋಗುಣಿಯಂತೆ. ಅಗಲ ಹೆಚ್ಚಾದುದರಿಂದ ದೊಡ್ಡ ವಾಲ್ವುಗಳಿಗೆ ಎಡೆಯುಂಟು. ಅವುಗಳನ್ನು ತೆರೆಯುವ ಕ್ಯಾಮ್ ದಂಡವೂ ಮೇಲೆಯೇ ಇರುವುದರಿಂದ ಉದ್ದ ಕಡ್ಡಿಗಳ ಹಂಗಿಲ್ಲ. ಹೀಗಾಗಿ ಇಂಜಿನ್ ಸರಾಗವಾಗಿ ಉಸಿರಾಡುತ್ತದೆ. ಶಕ್ತಿ ಸುಮಾರು 75 ಅಶ್ವಶಕ್ತಿ. ಹಳೆಯದರ ಒಂದೂವರೆ ಪಟ್ಟು.

ಅದೇ ಮೈಗೆ ಕಾರ್ಖಾನೆಯವರೇ ಹೊಂದಿಸಿದ ಇಂಜಿನ್ ಆದ್ದರಿಂದ ಬಾನೆಟ್ ಕೊಯ್ಯಬೇಕಿಲ್ಲ, ಮೂತಿ ಬದಲಿಸಬೇಕಿಲ್ಲ. ಆದರೂ ಇದು ಬಿಚ್ಚಿ ಕೂರಿಸಿಬಿಡುವಷ್ಟು ಸುಲಭದ ಕೆಲಸವಲ್ಲ. ಇಂಜಿನ್ ಕೂರುವ ಮೌಂಟಿಂಗ್ ಬದಲಾಗುತ್ತದೆ. ಐದು ಗೇರಿನ ಪೆಟ್ಟಿಗೆ ಅದರೊಡನೆ ಬರುವುದರಿಂದ ಪ್ರೊಪೆಲ್ಲರ್ ದಂಡದ ಉದ್ದ ಸರಿಮಾಡಬೇಕಾಗುತ್ತದೆ. ಸೈಲೆನ್ಸರ್ ಕೊಳವೆ, ವೈರಿಂಗ್, ಕ್ಲಚ್ಚಿನ ಜೋಡಣೆ ಎಲ್ಲವೂ ಹೊಸದಾಗಿ ಕೂಡಬೇಕು. ಸ್ಟಿಯರಿಂಗ್ ಪಕ್ಕದ ಗೇರಿನ ಕೋಲು ಹೋಗಿ ನೆಲದ ಗೇರು ಬರುತ್ತದೆ. ಹೊರಗಿನ ರೂಪ ಉಳಿದರೂ ಚಾಲಕನ ಪೀಠದ ಮುಂದಿನ ರೂಪ ಉಳಿಯದು. ಇದನ್ನು ಮೊದಲೇ ತಿಳಿದು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ಮೂರನೆಯ ದಾರಿಯೊಂದಿದೆ; ಸಂಬಂಧವೇ ಇಲ್ಲದ ಬೇರೆ ಕಂಪನಿಯ ಇಂಜಿನನ್ನು ಹೇಗಾದರೂ ಹೊಂದಿಸುವುದು. ಭಾರ ಮುಂದಕ್ಕೆ ಬಿದ್ದು ಸ್ಟಿಯರಿಂಗ್ ಕೆಡುತ್ತದೆ, ಚಾಸಿಗೆ ಬೆಸುಗೆ ಬೀಳುತ್ತದೆ, ಕಾನೂನಿನ ತೊಡಕೂ ಬರುತ್ತದೆ. ಸಂಸಾರವಂದಿಗರಿಗೆ ಈ ದಾರಿ ಬೇಡವೆಂದೇ ನನ್ನ ಸಲಹೆ.

ಏರುವುದಕ್ಕಿಂತ ಇಳಿಯುವುದು ಕಠಿಣ

ಶಕ್ತಿಯ ಮಾತಿನ ಭರದಲ್ಲಿ ಜನ ಮರೆಯುವುದು ಬ್ರೇಕನ್ನು. ನಮ್ಮ ಘಟ್ಟಗಳ ಮೇಲಿನಿಂದ ಕರಾವಳಿಗೆ ಸುಮಾರು 500 ಮೀಟರ್ ಇಳಿತ. ಜನರೂ ಸಾಮಾನೂ ಸೇರಿ 1,500 ಕಿಲೋಗ್ರಾಂ ತೂಗುವ ಕಾರು ಅಷ್ಟು ಇಳಿದಾಗ ಹುಟ್ಟುವ ಶಕ್ತಿ, 20 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ಏರಿಸುವಷ್ಟು. ಇಂಜಿನ್ ಮತ್ತು ಗಾಳಿ ತಡೆದಷ್ಟನ್ನು ಬಿಟ್ಟು ಉಳಿದ ಶಾಖವೆಲ್ಲ ಬ್ರೇಕ್ ಡ್ರಮ್ಮುಗಳಿಗೇ ಹೋಗುತ್ತದೆ. ಡ್ರಮ್ಮು ಮುಚ್ಚಿದ ಡಬ್ಬಿಯಂತಿರುವುದರಿಂದ ಶಾಖ ಬೇಗ ಹೊರಬೀಳದು. ಕಾದ ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ. ಕಾಲು ಒತ್ತಿದಷ್ಟೂ ಪೆಡಲ್ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಆದಕಾರಣ ಇಂಜಿನ್ನಿಗೆ ಹಣ ಸುರಿಯುವ ಮುನ್ನ ಬ್ರೇಕಿಗೆ ಸುರಿಯಬೇಕು. ಅಂಬಾಸಡರ್ ಕಾರಿನ ನಂತರದ ಮಾದರಿಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕೂ, ಕಾಲಿನ ಒತ್ತಡಕ್ಕೆ ನೆರವಾಗುವ ಬೂಸ್ಟರೂ ಬಂದವು. ಅವು ಉಕ್ಕಿನ ಚಕ್ರ ಮತ್ತು ಹೊಳೆಯುವ ಹಬ್ ಕ್ಯಾಪುಗಳ ಹಿಂದೆ ಮರೆಯಾಗಿರುತ್ತವೆ. ರೂಪಕ್ಕೆ ಧಕ್ಕೆಯಿಲ್ಲ, ಜೀವಕ್ಕೆ ರಕ್ಷೆ. ಬ್ರೇಕ್ ಎಣ್ಣೆಯೂ ತೇವ ಹೀರುವ ಸ್ವಭಾವದ್ದು. ನಮ್ಮ ಮಳೆಯ ನಾಡಿನಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸುವುದು ಕ್ಷೇಮ. ಘಟ್ಟ ಯಾವ ಗೇರಿನಲ್ಲಿ ಹತ್ತಿತೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಿಂದಿನ ಚಾಲಕರ ನಿಯಮ ಹೊಸ ಇಂಜಿನ್ ಬಂದರೂ ತಪ್ಪಬಾರದು.

ಕಣ್ಣಿಗೆ ಕಾಣುವ ಮರ್ಯಾದೆ

ರೂಪ ಉಳಿಸುವುದೆಂದರೆ ಬಣ್ಣ ಹೊಡೆಸುವುದಷ್ಟೇ ಅಲ್ಲ. ಬಾನೆಟ್ ಎತ್ತಿದಾಗಲೂ ಕಣ್ಣಿಗೆ ಹಿತವಾಗಿ ಕಾಣಬೇಕು. ಗಾಳಿ ಸೋಸುವ ಹಳೆಯ ಕಬ್ಬಿಣದ ಡಬ್ಬಿಯನ್ನು ಎಸೆಯದೆ ಅದರೊಳಗೇ ಹೊಸ ಕಾಗದದ ಫಿಲ್ಟರ್ ಹೊಂದಿಸಬಹುದು; ಬೇಸಗೆಯ ಧೂಳಿಗೆ ಅದು ಅವಶ್ಯಕವೂ ಹೌದು. ಹೊಸ ವೈರುಗಳನ್ನು ಹಳೆಯ ಬಟ್ಟೆಯ ಕವಚದ ದಾರಿಯಲ್ಲಿಯೇ ಎಳೆಯಬಹುದು. ರಿಲೇ, ಫ್ಯೂಸುಗಳನ್ನು ಡ್ಯಾಶ್‌ಬೋರ್ಡಿನ ಹಿಂದೆ ಅಡಗಿಸಬಹುದು. ಮೂಲದ ಮೀಟರು, ಹಾರ್ನು, ಹಿಡಿಕೆಗಳನ್ನು ರಿಪೇರಿ ಮಾಡಿಸಿ ಇಟ್ಟುಕೊಳ್ಳಬೇಕು. ಒಮ್ಮೆ ಗುಜರಿಗೆ ಹೋದರೆ ಮತ್ತೆ ಸಿಗುವುದು ದುರ್ಲಭ. ಕೆಲಸ ಹಿಡಿಯುವ ಮೊದಲು ಪ್ರತಿಯೊಂದು ಭಾಗದ ಛಾಯಾಚಿತ್ರ ತೆಗೆದು, ಬಿಚ್ಚಿದ ಭಾಗಗಳಿಗೆ ಚೀಟಿ ಕಟ್ಟಿಸಿದರೆ ಅರ್ಧ ಶ್ರಮ ಉಳಿಯುತ್ತದೆ.

ಕಾನೂನು ಏನೆನ್ನುತ್ತದೆ?

1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲದಲ್ಲಿ ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ಒಡೆಯನು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಇಂಜಿನ್ ಸಂಖ್ಯೆ ಆರ್.ಸಿ. ಪುಸ್ತಕದಲ್ಲಿ ಬರೆದಿರುವ ವಿವರ. ಆದ್ದರಿಂದ ಇಂಜಿನ್ ಬದಲಿಸಲು ಹೊರಟವರು ಗ್ಯಾರೇಜಿಗೆ ಹೋಗುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಗೆ ಹೋಗಬೇಕು. ನಮ್ಮ ತಾಲೂಕುಗಳಿಗೆ ಶಿರಸಿಯಲ್ಲಿಯೇ ಕಚೇರಿಯಿದೆ, ಕೆ.ಎ. 31 ಎಂಬುದು ಅದರ ಗುರುತು. ಯಾವ ಇಂಜಿನ್, ಯಾವ ಸಂಖ್ಯೆ, ಎಲ್ಲಿ ಕೊಂಡದ್ದು ಎಂಬ ರಸೀತಿ ಸಹಿತ ಕೇಳಿ, ಬರವಣಿಗೆಯಲ್ಲಿ ಒಪ್ಪಿಗೆ ದೊರೆತರೆ ಮಾತ್ರ ಮುಂದುವರಿಯಬೇಕು. ಒಪ್ಪಿಗೆ ದೊರೆಯದಿದ್ದರೆ ಮೊದಲ ದಾರಿಯೇ ದಾರಿ. ಕದ್ದುಮುಚ್ಚಿ ಬದಲಿಸಿದ ಇಂಜಿನ್ನಿನ ಕಾರು ಅಪಘಾತಕ್ಕೀಡಾದರೆ ವಿಮೆಯ ಹಣಕ್ಕೇ ಸಂಚಕಾರ ಬರಬಹುದು. ಆ ಹೊರೆ ಬೀಳುವುದು ಇಡೀ ಮನೆತನದ ಮೇಲೆ.

ಹದಿನೈದು ವರ್ಷ ಮೀರಿದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ಶುಲ್ಕ 600 ರೂಪಾಯಿ ಇದ್ದುದು 2022ರ ಏಪ್ರಿಲಿನಿಂದ 5,000 ರೂಪಾಯಿಗೆ ಏರಿತು. ಆಗ ನಡೆಯುವ ಪರೀಕ್ಷೆಯಲ್ಲಿ ಇಂಜಿನ್ ಸಂಖ್ಯೆಯನ್ನು ತಾಳೆ ನೋಡುತ್ತಾರೆಂಬುದನ್ನೂ ನೆನಪಿಡಬೇಕು.

ಐವತ್ತು ತುಂಬಿದ ಕಾರಿಗೆ ಬೇರೆ ಲೆಕ್ಕ

ಇಲ್ಲಿ ಇನ್ನೊಂದು ಮಹತ್ವದ ವಿಷಯವಿದೆ. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ ಪುರಾತನ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಸ್ವಂತ ಬಳಕೆಯ ದ್ವಿಚಕ್ರ ಹಾಗೂ ಚತುಶ್ಚಕ್ರ ವಾಹನಗಳು ಇದಕ್ಕೆ ಅರ್ಹ. ಷರತ್ತೆಂದರೆ, ವಾಹನ ಮೂಲ ರೂಪದಲ್ಲಿರಬೇಕು. ಚಾಸಿ, ಮೈ ಅಥವಾ ಇಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ. ತರುವಾಯದ ನೋಂದಣಿಗೆ 5,000 ರೂಪಾಯಿ. ಹೀಗೆ ನೋಂದಾದ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮುಂತಾದುವಕ್ಕೆ ಮಾತ್ರ ರಸ್ತೆಗಿಳಿಸಬಹುದು.

1970ರ ದಶಕದ ಮೊದಲರ್ಧದಲ್ಲಿ ನೋಂದಾದ ಕಾರುಗಳು ಈಗಾಗಲೇ ಈ ವಯಸ್ಸನ್ನು ಮುಟ್ಟಿವೆ. ಹಿರಿಯರು ಕೊಂಡ ಮಾರ್ಕ್-2 ಅಂಬಾಸಡರ್ ತಮ್ಮ ಮನೆಯಲ್ಲಿ ಮೂಲದ ಇಂಜಿನ್ ಸಹಿತ ಉಳಿದಿದ್ದರೆ, ಅದರ ಇಂಜಿನನ್ನು ಬದಲಿಸಿದ ಮರುಗಳಿಗೆಯೇ ಈ ಮಾನ್ಯತೆಯ ಬಾಗಿಲು ಮುಚ್ಚಿದಂತೆ. ಆ ಕಾರಿಗೆ ಮೊದಲ ದಾರಿಯ ಆರೈಕೆಯೇ ಸಲ್ಲುತ್ತದೆ. 1980ರ ದಶಕದಲ್ಲಿಯೋ 1990ರ ದಶಕದಲ್ಲಿಯೋ ಕೊಂಡು, ಸವೆದು ಸಣ್ಣಾದ ಇಂಜಿನ್ನಿನ ಕಾರಾದರೆ, ಒಪ್ಪಿಗೆ ಪಡೆದು ಎರಡನೆಯ ದಾರಿ ಹಿಡಿಯಲು ಅಡ್ಡಿಯಿಲ್ಲ. ಆಗಲೂ ತೆಗೆದಿಟ್ಟ ಹಳೆಯ ಇಂಜಿನನ್ನು ಗುಜರಿಗೆ ಹಾಕಬಾರದು. ಒಳಗೆ ಎಣ್ಣೆ ಹುಯ್ದು, ತೂತುಗಳಿಗೆಲ್ಲ ಬಿರಟೆ ಜಡಿದು, ಮರದ ಹಲಗೆಯ ಮೇಲೆ ನೆಲದ ತೇವ ತಾಗದಂತೆ ಅಟ್ಟದಲ್ಲಿಯೋ ಕಣಜದ ಮೂಲೆಯಲ್ಲಿಯೋ ಇಟ್ಟರೆ, ಮೊಮ್ಮಕ್ಕಳ ಕಾಲಕ್ಕೆ ಕಾರನ್ನು ಮತ್ತೆ ಮೂಲಕ್ಕೆ ತರುವ ಅವಕಾಶ ಉಳಿಯುತ್ತದೆ. ಅದೇ ಕಾರಣಕ್ಕೆ ಮೈಯ ಉಕ್ಕನ್ನು ಕೊಯ್ಯುವ, ಚಾಸಿಗೆ ಬೆಸುಗೆ ಹಾಕುವ ಕೆಲಸವನ್ನು ಎಂದೂ ಒಪ್ಪಬಾರದು. ಮತ್ತೆ ಹಿಂದಕ್ಕೆ ತರಲಾಗುವಂಥ ಬದಲಾವಣೆಯೇ ಒಳ್ಳೆಯ ಬದಲಾವಣೆ.

ಕಾರನ್ನು ಮಾರುವ ಪ್ರಸಂಗ ಬಂದರೆ ಒಳಗೆ ಏನೇನು ಬದಲಾಗಿದೆಯೆಂದು ಕೊಳ್ಳುವವನಿಗೆ ಬಾಯಿಬಿಟ್ಟು ಹೇಳುವುದು ಧರ್ಮ. ಹೊರಗೆ ಹಳೆಯದು, ಒಳಗೆ ಹೊಸದು ಎಂಬುದು ಒಡೆಯನಿಗೆ ಸಂತೋಷದ ಗುಟ್ಟಾಗಿರಬಹುದು. ಕೊಳ್ಳುವವನ ಪಾಲಿಗೆ ಅದು ಮೋಸವಾಗಬಾರದು. ಮಾಡಿಸಿದ ಪ್ರತಿಯೊಂದು ಕೆಲಸವನ್ನೂ ತಾರೀಖು, ಖರ್ಚು ಸಹಿತ ಒಂದು ನೋಟುಬುಕ್ಕಿನಲ್ಲಿ ಬರೆದು ಆರ್.ಸಿ. ಪುಸ್ತಕದೊಡನೆ ಇಟ್ಟಿರಬೇಕು.

ಇನ್ನು ಕೆಲಸ ಮಾಡುವ ಕೈಗಳ ಮಾತು. ಬಿ.ಎಂ.ಸಿ. ಇಂಜಿನ್ನಿನ ಶಬ್ದ ಕೇಳಿಯೇ ಟ್ಯಾಪೆಟ್ ಎಷ್ಟು ಸಡಿಲವಾಗಿದೆಯೆಂದು ಹೇಳಬಲ್ಲ ಹಿರಿಯ ಮೆಕ್ಯಾನಿಕ್ಕುಗಳು ನಮ್ಮ ಪೇಟೆಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವ ಇಂದಿನ ಹುಡುಗರಿಗೆ ಕಾರ್ಬ್ಯುರೇಟರ್ ಪರಕೀಯ. ಅಂಥ ಹಿರಿಯರೊಬ್ಬರು ಸಿಕ್ಕಾಗ ಕೆಲಸ ಮಾಡಿಸಿಕೊಂಡರೆ ಸಾಲದು. ಮನೆಯ ಹುಡುಗರನ್ನು ಅವರ ಪಕ್ಕದಲ್ಲಿ ನಿಲ್ಲಿಸಬೇಕು. ಸ್ಪ್ಯಾನರ್ ಹಿಡಿದುಕೊಡುತ್ತ, ಪಾಯಿಂಟಿನ ಸಂದು ಅಳೆಯುತ್ತ, ಎಣ್ಣೆಯ ಬಣ್ಣ ನೋಡುತ್ತ ಅವರು ಕಲಿಯಲಿ. ಮಾಡಿನಲ್ಲಿ ನಿಂತ ಕಾರಿಗೆ ಎಷ್ಟು ಅಶ್ವಶಕ್ತಿಯ ಇಂಜಿನ್ ಬೇಕೆಂದು ತೀರ್ಮಾನಿಸುವ ಮೊದಲು, ಅದನ್ನು ನೋಡಿಕೊಳ್ಳಬಲ್ಲವರು ಮನೆಯಲ್ಲಿ ಯಾರಿದ್ದಾರೆಂದು ಕೇಳಿಕೊಳ್ಳುವುದು ಮೇಲು. ಅವರು ಇದ್ದರೆ ಹಳೆಯ ಐವತ್ತು ಅಶ್ವಶಕ್ತಿಯೂ ದೇವಿಮನೆ ಘಟ್ಟವನ್ನು ಸುಖವಾಗಿ ಹತ್ತೀತು. ಇಲ್ಲವಾದರೆ ಎಪ್ಪತ್ತೈದು ಅಶ್ವಶಕ್ತಿಯೂ ಮುಂದಿನ ಮಳೆಗಾಲಕ್ಕೆ ಅದೇ ಮಾಡಿನಲ್ಲಿ ತುಕ್ಕು ಹಿಡಿದೀತು.